ತೊಗರಿಯ ಕಾಯಿಯೂ ಇಂಗಾಲದ ಪಂಜರವೂ

ಕಲಬುರಗಿಯಿಂದ ಮೂಡಣಕ್ಕೆ ಸೇಡಂ ರಸ್ತೆಯನ್ನು ಹಿಡಿದು ಹೊರಟವರಿಗೆ ಊರಿನ ಅಂಚು ಕಳೆಯುತ್ತಿದ್ದಂತೆ ತೊಗರಿಯ ಹೊಲಗಳು ಕಾಣಸಿಗುತ್ತವೆ. ಮಾಗಿಯ ದಿನಗಳಲ್ಲಿ ಗಿಡ ಒಣಗಿ ನಿಂತಾಗ ಒಂದು ಕಾಯಿಯನ್ನು ಕಿತ್ತು ಕಿವಿಯ ಬಳಿ ಹಿಡಿದು ಅಲುಗಿಸಿ ನೋಡಬೇಕು. ಸಿಪ್ಪೆಯೊಳಗೆ ಸಡಿಲಗೊಂಡ ಕಾಳು ಗಿಲಿಗಿಲಿ ಎನ್ನುತ್ತದೆ. ಒಳಗೆ ಕಾಳಿದೆ, ಅದು ಬಲಿತು ಒಣಗಿದೆ, ಸಿಪ್ಪೆಗೆ ಅಂಟಿಕೊಂಡಿಲ್ಲ ಎಂಬ ಮೂರು ಸಂಗತಿಗಳನ್ನು ಕಾಯಿ ಸುಲಿಯದೆಯೇ ಆ ಸದ್ದಿನಿಂದ ತಿಳಿಯಬಹುದು.

ರಸಾಯನಶಾಸ್ತ್ರಜ್ಞರು ಇಂದು ಇದಕ್ಕೆ ಹೋಲುವ ಕೆಲಸವನ್ನು ಅಣುಗಳ ಲೋಕದಲ್ಲಿ ಮಾಡುತ್ತಿದ್ದಾರೆ. ಇಂಗಾಲದ ಪರಮಾಣುಗಳಿಂದಾದ ಒಂದು ಟೊಳ್ಳು ಚೆಂಡು. ಅದರೊಳಗೆ ಒಂದೇ ಒಂದು ಜಲಜನಕದ ಅಣು, ಇಲ್ಲವೆ ಒಂದೇ ಒಂದು ನೀರಿನ ಅಣು. ಚೆಂಡನ್ನು ಒಡೆಯದೆ ಒಳಗಿನ ಸೆರೆಯಾಳು ಏನು ಮಾಡುತ್ತಿದೆಯೆಂದು ಆಲಿಸುವುದು ಅವರ ಉದ್ಯೋಗ. ಆಲಿಸುವ ಕಿವಿ ಕಾಂತೀಯ ಅನುರಣನದ ಯಂತ್ರ.

ಈಚೆಗೆ ಇದೇ ರಸ್ತೆಯ ಬದಿಯ ಒಂದು ಕಾಲೇಜಿನಲ್ಲಿ ನಾವು ಈ ವಿಷಯವನ್ನು ಕುರಿತು ಒಂದು ಗಂಟೆ ಮಾತಾಡಿದೆವು. ಮಾತು ಮುಗಿದ ಮೇಲೆ ಎರಡು ಪ್ರಶ್ನೆಗಳು ಬಂದವು. ಹಿಂದಿನ ಸಾಲಿನ ಹುಡುಗನೊಬ್ಬ, "ಇದರಿಂದ ಏನ್ ಉಪಯೋಗ ಅದರಿ ಸರ್?" ಎಂದ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಇದು ಪರೀಕ್ಷಾಕ್ಕ ಬರ್ತದೇನ್ರಿ?" ಎಂದಳು. ಸಭೆ ನಕ್ಕಿತು, ನಾವೂ ನಕ್ಕೆವು. ಆದರೆ ಮನೆಗೆ ಮರಳಿದ ಮೇಲೆ ಆ ಎರಡು ಪ್ರಶ್ನೆಗಳು ನಗುವಂಥವಲ್ಲವೆಂದು ತೋರಿತು. ನಮ್ಮ ನಾಡಿನಲ್ಲಿ ವಿಜ್ಞಾನ ಕಲಿಯುವ ಬಗೆಯ ಸುಖದುಃಖವೆಲ್ಲ ಅವುಗಳಲ್ಲಿ ಅಡಗಿದೆ. ಅವಕ್ಕೆ ನಾವು ಅಂದು ಕೊಟ್ಟ ಉತ್ತರ ನಮಗೇ ಒಪ್ಪಿಗೆಯಾಗಲಿಲ್ಲ. ಆದುದರಿಂದ ಈ ಲೇಖನ.

ಮೊದಲು ಪಂಜರದ ಪರಿಚಯ ಮಾಡಿಕೊಳ್ಳೋಣ. 1985ರಲ್ಲಿ ಕ್ರೋಟೊ, ಸ್ಮಾಲಿ, ಕರ್ಲ್ ಎಂಬ ಮೂವರು ವಿಜ್ಞಾನಿಗಳು ತಮ್ಮ ಸಂಗಡಿಗರೊಡನೆ ಅರವತ್ತು ಇಂಗಾಲದ ಪರಮಾಣುಗಳು ಒಟ್ಟುಗೂಡಿದ ಒಂದು ಅಣುವನ್ನು ಕಂಡರು. ಅದು ಕಾಲ್ಚೆಂಡಿನಂತಿರಬೇಕೆಂದು ಅವರು ಊಹಿಸಿದರು: ಹನ್ನೆರಡು ಪಂಚಕೋನಗಳು, ಇಪ್ಪತ್ತು ಷಟ್ಕೋನಗಳು, ಪ್ರತಿಯೊಂದು ಮೂಲೆಯಲ್ಲಿಯೂ ಒಂದು ಇಂಗಾಲ. ಅದಕ್ಕೆ ಫುಲ್ಲರೀನ್ ಎಂದು ಹೆಸರಾಯಿತು. ಚೆಂಡಿನ ಅಡ್ಡಳತೆ ಸುಮಾರು 0.7 ನ್ಯಾನೊಮೀಟರು, ಎಂದರೆ ಒಂದು ಮಿಲಿಮೀಟರಿನ ಹದಿನಾಲ್ಕು ಲಕ್ಷದಲ್ಲೊಂದು ಪಾಲು.

ಊಹೆಯೇನೋ ಅಂದವಾಗಿತ್ತು, ಆದರೆ ಅಂದವಾದ ಊಹೆಗಳೆಲ್ಲ ನಿಜವಾಗಬೇಕೆಂದಿಲ್ಲ. 1990ರಲ್ಲಿ ಈ ವಸ್ತುವನ್ನು ಕಣ್ಣಿಗೆ ಕಾಣುವಷ್ಟು ಪ್ರಮಾಣದಲ್ಲಿ ತಯಾರಿಸುವ ದಾರಿ ಸಿಕ್ಕಿತು. ಒಡನೆಯೇ ಅದನ್ನು ಕಾಂತೀಯ ಅನುರಣನದ ಪರೀಕ್ಷೆಗೆ ಒಡ್ಡಿದರು. ಬಂದ ಉತ್ತರ ಒಂದೇ ಒಂದು ಗೆರೆ! ಅರವತ್ತು ಪರಮಾಣುಗಳಲ್ಲಿ ಒಂದು ಮೂಲೆಯಲ್ಲಿಯೂ ಇನ್ನೊಂದು ನಡುವಿನಲ್ಲಿಯೂ ಇದ್ದಿದ್ದರೆ ಅವು ಬೇರೆಬೇರೆ ಗೆರೆಗಳನ್ನು ಕೊಡಬೇಕಿತ್ತು. ಒಂದೇ ಗೆರೆ ಬಂದಿತೆಂದರೆ ಅರವತ್ತಕ್ಕೆ ಅರವತ್ತೂ ಸರಿಸಮಾನ ಸ್ಥಾನದಲ್ಲಿವೆ. ಮೇಲು ಕೀಳಿಲ್ಲದ, ಮೊದಲು ಕೊನೆಯಿಲ್ಲದ ಚೆಂಡಿನ ಮೇಲ್ಮೈಯಲ್ಲಿವೆ. ಇಷ್ಟು ಚಿಕ್ಕ ಸಾಕ್ಷ್ಯ ಇಷ್ಟು ದೊಡ್ಡ ತೀರ್ಪನ್ನು ಕೊಟ್ಟ ಪ್ರಸಂಗ ರಸಾಯನಶಾಸ್ತ್ರದಲ್ಲಿ ವಿರಳ. ಮೂವರು ವಿಜ್ಞಾನಿಗಳಿಗೂ 1996ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಟೊಳ್ಳು ಚೆಂಡು ಸಿಕ್ಕಿದ ಮೇಲೆ ಅದರೊಳಗೆ ಏನನ್ನಾದರೂ ಇಡಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಚೆಂಡಿನ ಗೋಡೆಯಲ್ಲಿ ಅಣು ನುಗ್ಗುವಷ್ಟು ಸಂದಿಯಿಲ್ಲ. ಜಪಾನಿನ ಕ್ಯೋಟೊ ನಗರದ ರಸಾಯನಶಾಸ್ತ್ರಜ್ಞರಾದ ಕೊಮಾತ್ಸು ಮತ್ತು ಮುರಾತ ಅವರು ಶಸ್ತ್ರವೈದ್ಯನ ಉಪಾಯವನ್ನು ಅನುಸರಿಸಿದರು. ರಾಸಾಯನಿಕ ಕ್ರಿಯೆಗಳಿಂದ ಗೋಡೆಯ ಕೆಲವು ಬಂಧಗಳನ್ನು ಬಿಚ್ಚಿ ಬಾಯಿ ತೆರೆದರು. ಹೆಚ್ಚಿನ ಒತ್ತಡದಲ್ಲಿ ಜಲಜನಕದ ಅಣುವನ್ನು ಒಳಕ್ಕೆ ನೂಕಿದರು. ಬಳಿಕ ಬಿಚ್ಚಿದ ಬಂಧಗಳನ್ನು ಒಂದೊಂದಾಗಿ ಹೊಲಿದು ಬಾಯಿಯನ್ನು ಮುಚ್ಚಿದರು. ಇದು ನಡೆದುದು 2005ರಲ್ಲಿ. 2011ರಲ್ಲಿ ಕುರೊತೊಬಿ ಮತ್ತು ಮುರಾತ ಅವರು ಇದೇ ರೀತಿ ಒಂದು ನೀರಿನ ಅಣುವನ್ನು ಸೆರೆಯಿಟ್ಟರು. 2019ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ತಂಡವು ಮೀಥೇನನ್ನೂ ಒಳಗೆ ಕೂಡಿಸಿತು.

ನೀರಿನ ಸಂಗತಿಯನ್ನು ಒಂದು ಗಳಿಗೆ ಯೋಚಿಸಿ ನೋಡಬೇಕು. ನಾವು ಕುಡಿಯುವ ಲೋಟದಲ್ಲಿ ಒಂದು ನೀರಿನ ಅಣುವೂ ಒಂಟಿಯಲ್ಲ. ಪ್ರತಿಯೊಂದೂ ನೆರೆಯವುಗಳ ಕೈ ಹಿಡಿದಿರುತ್ತದೆ. ನೀರಿನ ಗುಣವೆಂದು ನಾವು ಬಲ್ಲುದರಲ್ಲಿ ಬಹುಪಾಲು ಈ ಜಾತ್ರೆಯ ಗುಣ. ಒಂಟಿ ನೀರಿನ ಅಣುವಿನ ಸ್ವಭಾವವೇನೆಂದು ತಿಳಿಯಬೇಕಾದರೆ ಅದನ್ನು ಜಾತ್ರೆಯಿಂದ ಹೊರಗೆ ಕರೆದು ಏಕಾಂತದಲ್ಲಿ ಕೂರಿಸಬೇಕು. ಇಂಗಾಲದ ಚೆಂಡು ಅಂತಹ ಏಕಾಂತದ ಕೋಣೆ.

ಇನ್ನು ಆಲಿಸುವ ಬಗೆ. ಜಲಜನಕದ ಪರಮಾಣುವಿನ ನಡುವಣ ಬೀಜ, ಎಂದರೆ ನ್ಯೂಕ್ಲಿಯಸ್ಸು, ಒಂದು ಪುಟ್ಟ ಕಾಂತದಂತೆ ವರ್ತಿಸುತ್ತದೆ. ಅದನ್ನು ಕಾಂತಕ್ಷೇತ್ರದಲ್ಲಿಟ್ಟರೆ, ನೆಲದ ಮೇಲೆ ತಿರುಗುವ ಬುಗುರಿ ಓಲಾಡುತ್ತ ಸುತ್ತು ಹಾಕುವಂತೆ, ಅದೂ ಕ್ಷೇತ್ರದ ದಿಕ್ಕಿನ ಸುತ್ತ ಓಲಾಡುತ್ತದೆ. ಈ ಓಲಾಟದ ವೇಗ ಕ್ಷೇತ್ರದ ಬಲಕ್ಕೆ ತಕ್ಕಂತೆ ಏರುತ್ತದೆ. ಒಂದು ಟೆಸ್ಲಾ ಬಲದ ಕ್ಷೇತ್ರದಲ್ಲಿ ಅದು ಸೆಕೆಂಡಿಗೆ 4 ಕೋಟಿ 25 ಲಕ್ಷ ಬಾರಿಗಿಂತ ಸ್ವಲ್ಪ ಹೆಚ್ಚು. ಅದೇ ವೇಗದ ರೇಡಿಯೊ ಅಲೆಯನ್ನು ಹೊರಗಿನಿಂದ ಹಾಯಿಸಿದರೆ ನ್ಯೂಕ್ಲಿಯಸ್ಸು ಅದಕ್ಕೆ ಓಗೊಡುತ್ತದೆ. ಇದೇ ಅನುರಣನ. ಪರಮಾಣುವಿನ ಸುತ್ತಲಿನ ಎಲೆಕ್ಟ್ರಾನುಗಳು ಹೊರಗಿನ ಕ್ಷೇತ್ರವನ್ನು ತುಸು ಮರೆಮಾಡುವುದರಿಂದ, ಯಾವ ನ್ಯೂಕ್ಲಿಯಸ್ಸು ಎಂತಹ ನೆರೆಹೊರೆಯಲ್ಲಿದೆಯೋ ಅದಕ್ಕೆ ತಕ್ಕಂತೆ ಅದರ ದನಿ ಕೂದಲೆಳೆಯಷ್ಟು ಏರಿಳಿಯುತ್ತದೆ. ಆ ಏರಿಳಿತವನ್ನು ಓದಿ ಅಣುವಿನ ರಚನೆಯನ್ನು ಹೇಳಬಹುದು.

ಪಂಜರದೊಳಗಿನ ಜಲಜನಕದ ದನಿ, ದ್ರಾವಣದಲ್ಲಿ ಬಿಡುಬೀಸಾಗಿ ಕರಗಿದ ಜಲಜನಕದ ದನಿಗಿಂತ ಹತ್ತು ಲಕ್ಷದಲ್ಲಿ ಸುಮಾರು ಆರು ಪಾಲಿನಷ್ಟು ತಗ್ಗಿನಲ್ಲಿರುತ್ತದೆ. ಚೆಂಡಿನ ಗೋಡೆಯ ಎಲೆಕ್ಟ್ರಾನುಗಳು ಒಳಗಿರುವುದನ್ನು ಅಷ್ಟರಮಟ್ಟಿಗೆ ಮರೆಮಾಡುತ್ತವೆಯೆಂದು ಇದರ ಅರ್ಥ. ಅಣು ನಿಜವಾಗಿ ಒಳಗೇ ಇದೆ, ಹೊರಮೈಗೆ ಅಂಟಿಕೊಂಡಿಲ್ಲ ಎಂಬುದಕ್ಕೂ ಇದೇ ಸಾಕ್ಷಿ. ತೊಗರಿಯ ಕಾಯಿ ಹೇಳಿದ ಸಂಗತಿಯೇ ಇಲ್ಲಿಯೂ ಕೇಳಿಬಂತು.

ಆದರೆ ಆಶ್ಚರ್ಯ ಇನ್ನೂ ಮುಂದಿದೆ. ಜಲಜನಕದ ಅಣುವಿನಲ್ಲಿ ಎರಡು ನ್ಯೂಕ್ಲಿಯಸ್ಸುಗಳಿವೆ. ಎರಡರ ಕಾಂತಗಳೂ ಒಂದೇ ಕಡೆಗಿದ್ದರೆ ಅದಕ್ಕೆ ಆರ್ಥೊ ಜಲಜನಕವೆಂದೂ, ಎದುರುಬದುರಾಗಿದ್ದರೆ ಪ್ಯಾರಾ ಜಲಜನಕವೆಂದೂ ಹೆಸರು. ಸಾಧಾರಣ ಉಷ್ಣತೆಯಲ್ಲಿ ಮೂರು ಪಾಲು ಆರ್ಥೊ, ಒಂದು ಪಾಲು ಪ್ಯಾರಾ. ಪ್ಯಾರಾದಲ್ಲಿ ಎರಡು ಕಾಂತಗಳೂ ಒಂದನ್ನೊಂದು ಅಳಿಸಿಹಾಕುವುದರಿಂದ ಅದು ಅನುರಣನದ ಯಂತ್ರಕ್ಕೆ ಮೂಕ. ಕ್ವಾಂಟಂ ನಿಯಮದ ಕಟ್ಟಳೆಯಂತೆ ಪ್ಯಾರಾ ಅಣು ಶೀತದಲ್ಲಿ ತಿರುಗುವುದನ್ನು ನಿಲ್ಲಿಸಬಹುದು. ಆರ್ಥೊ ಅಣುವಿಗೆ ಆ ಸ್ವಾತಂತ್ರ್ಯವಿಲ್ಲ. ಎಷ್ಟು ತಣಿಸಿದರೂ ಅದು ತಿರುಗುತ್ತಲೇ ಇರಬೇಕು. ತನ್ನೊಳಗಿನ ಕಾಂತದ ದಿಕ್ಕು ಬದಲಾಗದೆ ಅದಕ್ಕೆ ವಿಶ್ರಾಂತಿಯಿಲ್ಲ. ಚೆಂಡಿನ ಗೋಡೆಯ ಇಂಗಾಲದ ನ್ಯೂಕ್ಲಿಯಸ್ಸುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗ ಕಾಂತಗುಣವಿಲ್ಲದವು. ಹಾಗಾಗಿ ಒಳಗಿನ ಅಣುವಿನ ದಿಕ್ಕು ಬದಲಿಸುವವರು ಯಾರೂ ಇಲ್ಲ. ಕಡುಶೀತದಲ್ಲಿಯೂ ಆರ್ಥೊ ಜಲಜನಕ ಪಂಜರದೊಳಗೆ ಗಿರಕಿ ಹೊಡೆಯುತ್ತಿರುವುದನ್ನು ವಿಜ್ಞಾನಿಗಳು ಆಲಿಸಿದ್ದಾರೆ. ನ್ಯೂಯಾರ್ಕಿನ ಟರ್ರೊ ಮತ್ತು ಸಂಗಡಿಗರು 2008ರಲ್ಲಿ ಪಂಜರದ ಹೊರಗೆ ದ್ರವರೂಪದ ಆಮ್ಲಜನಕವನ್ನು ಇರಿಸಿ ನೋಡಿದರು. ಆಮ್ಲಜನಕಕ್ಕೆ ಕಾಂತಗುಣವಿದೆ. ಗೋಡೆಯನ್ನು ದಾಟಿ ಒಳಗೆ ಹೋಗಲಾರದಿದ್ದರೂ ಅದರ ಪ್ರಭಾವ ಒಳಗಿನ ಜಲಜನಕಕ್ಕೆ ಮುಟ್ಟಿತು; ಆರ್ಥೊ ಪ್ಯಾರಾ ಆಯಿತು!

ನೀರಿನಲ್ಲಿಯೂ ಇದೇ ಭೇದವಿದೆ. ಕಡುಶೀತದಲ್ಲಿ ಪ್ಯಾರಾ ಆಗಿ ಮಾರ್ಪಟ್ಟ ಪಂಜರದ ನೀರನ್ನು ಥಟ್ಟನೆ ಬೆಚ್ಚಗಿನ ದ್ರಾವಣಕ್ಕೆ ತಂದರೆ, ಮೂಕವಾಗಿದ್ದುದು ಮೆಲ್ಲಮೆಲ್ಲನೆ ದನಿ ಪಡೆಯುತ್ತದೆ. ಆ ಬದಲಾವಣೆಗೆ ತಗಲುವ ಅವಧಿ ಸುಮಾರು ಮೂವತ್ತು ಸೆಕೆಂಡು ಎಂದು ಸೌತಾಂಪ್ಟನ್ನಿನ ಲೆವಿಟ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ನಾವು ದಿನವೂ ಕುಡಿಯುವ ನೀರು ಎರಡು ಬಗೆಯದು, ಒಂದು ಇನ್ನೊಂದಾಗಲು ಅರ್ಧ ನಿಮಿಷ ತೆಗೆದುಕೊಂಡಿತು ಎಂದು ಗಡಿಯಾರ ಹಿಡಿದು ಹೇಳಲು ಸಾಧ್ಯವಾದುದು ಈ ಪಂಜರದಿಂದ.

ಈಗ ಹಿಂದಿನ ಸಾಲಿನ ಹುಡುಗನ ಪ್ರಶ್ನೆಗೆ ಬರೋಣ. ಇದರಿಂದ ಏನುಪಯೋಗ? ಈ ಪ್ರಶ್ನೆಯನ್ನು ಕೀಳುಮಾಡಿ ಮಾತಾಡುವ ವಿದ್ವಾಂಸರಿದ್ದಾರೆ. ನಾವು ಆ ಗುಂಪಿಗೆ ಸೇರಿದವರಲ್ಲ. ಮಳೆ ಕೈಕೊಟ್ಟರೆ ಮನೆಯೇ ಬರಿದಾಗುವ ಸೀಮೆಯಿಂದ ಬಂದ ವಿದ್ಯಾರ್ಥಿ ಉಪಯೋಗವನ್ನು ಕೇಳದಿದ್ದರೆ ಇನ್ನಾರು ಕೇಳಬೇಕು? ಅವನಿಗೆ ಉತ್ತರ ಸಲ್ಲಬೇಕು.

ಉತ್ತರ ಅವನ ರಸ್ತೆಯಲ್ಲಿಯೇ ಇದೆ. ಸೇಡಂ ರಸ್ತೆಯ ಬದಿಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಕಲಿಯುವವರೆಲ್ಲ ಎಂ.ಆರ್.ಐ. ಚಿತ್ರವನ್ನು ಬಲ್ಲರು. ಮಿದುಳಿನಲ್ಲಿ ಗಡ್ಡೆಯಿದೆಯೋ ಬೆನ್ನೆಲುಬಿನ ನಡುವಣ ಬಿಲ್ಲೆ ಜಾರಿದೆಯೋ ಎಂದು ಕತ್ತಿಯಿಡದೆ ನೋಡುವ ಆ ವಿದ್ಯೆ, ನಮ್ಮ ದೇಹದ ನೀರಿನ ಜಲಜನಕವನ್ನು ಆಲಿಸುವ ವಿದ್ಯೆಯೇ ಹೊರತು ಬೇರೆಯಲ್ಲ. ರಾಬಿ ಎಂಬ ವಿಜ್ಞಾನಿ ಅಣುಗಳ ಪ್ರವಾಹದಲ್ಲಿ ಈ ಅನುರಣನವನ್ನು ಮೊದಲು ಕಂಡುದು 1938ರಲ್ಲಿ. ಬ್ಲಾಕ್ ಮತ್ತು ಪರ್ಸೆಲ್ ಎಂಬವರು ಬೇರೆಬೇರೆಯಾಗಿ ನೀರು, ಮೇಣಗಳಂತಹ ಸಾಮಾನ್ಯ ಪದಾರ್ಥಗಳಲ್ಲಿ ಅದನ್ನು ಕಂಡ ವರದಿ 1946ರಲ್ಲಿ ಹೊರಬಿತ್ತು. ಅವರು ಹುಡುಕುತ್ತಿದ್ದುದು ನ್ಯೂಕ್ಲಿಯಸ್ಸಿನ ಕಾಂತವನ್ನು, ರೋಗವನ್ನಲ್ಲ. ಚಿತ್ರ ತೆಗೆಯುವ ಮಾರ್ಗ ಕಂಡುದು 1970ರ ದಶಕದಲ್ಲಿ. ಆ ಮಾರ್ಗದ ಒಂದು ಮುಖ್ಯ ಮೆಟ್ಟಿಲಾದ 1975ರ ಪ್ರಬಂಧವನ್ನು ಸ್ವಿಟ್ಜರ್ಲೆಂಡಿನ ಅರ್ನ್‌ಸ್ಟ್ ಅವರೊಡನೆ ಬರೆದವರಲ್ಲಿ ಒಬ್ಬರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದ ಅನಿಲ್ ಕುಮಾರ್ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.

ಪಂಜರದ ಅಣುವಿನ ವಿಷಯದಲ್ಲಿಯೂ ಉಪಯೋಗದ ಸುಳಿವುಗಳು ಇಲ್ಲದಿಲ್ಲ. ರಾಕೆಟ್ಟಿಗೆ ಬೇಕಾದ ಜಲಜನಕವನ್ನು ದ್ರವಮಾಡಿ ಇಟ್ಟಾಗ, ಅದರಲ್ಲಿ ಆರ್ಥೊ ಉಳಿದಿದ್ದರೆ ಅದು ನಿಧಾನವಾಗಿ ಪ್ಯಾರಾ ಆಗುತ್ತ ಶಾಖವನ್ನು ಬಿಟ್ಟು ದ್ರವವನ್ನೇ ಕುದಿಸಿ ಹಾರಿಸಿಬಿಡುತ್ತದೆ. ಒಂದರಿಂದ ಇನ್ನೊಂದಕ್ಕೆ ಮಾರ್ಪಾಟು ಹೇಗೆ ನಡೆಯುತ್ತದೆಂಬ ತಿಳಿವಳಿಕೆ ಇಲ್ಲಿ ಹಣದ ಮಾತು. ಮಳಖೇಡದ ಬಳಿ ಹರಿಯುವ ಕಾಗಿಣಾ ನದಿ ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ ಸೇರುತ್ತವೆಯಷ್ಟೆ? ಆ ಕೃಷ್ಣಾ ಗೋದಾವರಿಗಳ ಮುಖದ ಕಡಲತಳದ ಕೆಳಗೆ, ನೀರಿನ ಅಣುಗಳೇ ಕಟ್ಟಿದ ಮಂಜಿನ ಪಂಜರಗಳಲ್ಲಿ ಮೀಥೇನ್ ಅನಿಲ ಸೆರೆಯಾಗಿರುವುದನ್ನು 2006ರ ಭಾರತೀಯ ಶೋಧಯಾತ್ರೆ ಕಂಡಿತು. ಇಂತಹ ಮಂಜಿನಲ್ಲಿ ಎರಡು ಅಳತೆಯ ಪಂಜರಗಳಿರುತ್ತವೆ. ಮೀಥೇನ್ ಯಾವುದರಲ್ಲಿ ಎಷ್ಟಿದೆಯೆಂದು ಬೇರ್ಪಡಿಸಿ ಹೇಳಬಲ್ಲ ಉಪಕರಣಗಳಲ್ಲಿ ಕಾಂತೀಯ ಅನುರಣನವೂ ಒಂದು. ಲೋಹ ಮತ್ತು ಸಾವಯವ ಅಣುಗಳನ್ನು ಹೆಣೆದು ಗೂಡುಗಳನ್ನು ಕಟ್ಟಿ ಅನಿಲಗಳನ್ನು ತುಂಬಿಡುವ ವಿದ್ಯೆಗಾಗಿ 2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಕಿತಾಗಾವಾ, ರಾಬ್ಸನ್, ಯಾಗಿ ಎಂಬ ಮೂವರಿಗೆ ಸಂದಿದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿಯೇ ಪಾರ್ಥಸಾರಥಿ ಮುಖರ್ಜಿಯವರ ತಂಡವು ಪಲ್ಲೇಡಿಯಮ್ ಪರಮಾಣುಗಳನ್ನು ಮೂಲೆಗಳಾಗಿರಿಸಿ ಅಣುಪಂಜರಗಳನ್ನು ಕಟ್ಟುತ್ತಿದೆ.

ಇಷ್ಟನ್ನು ಹೇಳಿಯೂ, ಫುಲ್ಲರೀನಿನೊಳಗಿನ ಒಂಟಿ ನೀರಿನ ಅಣು ನಾಳೆ ಬೆಳಗ್ಗೆ ಯಾರ ಮನೆಯ ಒಲೆಯನ್ನೂ ಉರಿಸಲಾರದೆಂದು ಒಪ್ಪಿಕೊಳ್ಳುತ್ತೇವೆ. ಉಪಯೋಗವೆಂಬುದು ಮರದ ಹಣ್ಣು. ಸಸಿಯನ್ನು ನೆಟ್ಟ ದಿನವೇ ಹಣ್ಣೆಲ್ಲಿ ಎಂದರೆ ಸಸಿಯೂ ನಾಚುತ್ತದೆ. ಹಣ್ಣನ್ನು ಕೇಳುವುದು ತಪ್ಪಲ್ಲ, ಕೇಳುವ ಹೊತ್ತನ್ನು ಅರಿಯಬೇಕು ಎಂಬುದಷ್ಟೇ ಹಿಂದಿನ ಸಾಲಿನ ಹುಡುಗನಿಗೆ ನಮ್ಮ ಉತ್ತರ.

ಮುಂದಿನ ಸಾಲಿನ ಹುಡುಗಿಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಇದು ಪರೀಕ್ಷೆಗೆ ಬರುತ್ತದೆಯೆ? ಬರುತ್ತದೆ, ತಂಗಿ, ಅದೇ ನಮ್ಮ ದುಃಖ. ರಸಾಯನಶಾಸ್ತ್ರದ ಪದವಿ ತರಗತಿಗಳಲ್ಲಿ ಕಾಂತೀಯ ಅನುರಣನ ಒಂದು ಅಧ್ಯಾಯವಾಗಿದೆ. ಇಂತಹ ಗುಂಪಿನ ಜಲಜನಕ ಇಂತಹ ಅಂಕದ ಬಳಿ ಗೆರೆ ಕೊಡುತ್ತದೆಂಬ ಪಟ್ಟಿಯಿದೆ. ವಿದ್ಯಾರ್ಥಿಗಳು ಆ ಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ, ಗೆರೆಗಳ ಚಿತ್ರ ಕೊಟ್ಟರೆ ಅಣುವಿನ ಹೆಸರನ್ನು ಬರೆಯುತ್ತಾರೆ, ಅಂಕ ಪಡೆಯುತ್ತಾರೆ. ಆದರೆ ಓಲಾಡುವುದು ಏನು, ದನಿ ಕೊಡುವುದು ಏನು ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಇದು ಅವರ ತಪ್ಪಲ್ಲ. ಹಾಡನ್ನು ಒಮ್ಮೆಯೂ ಕೇಳಿಸದೆ ಸ್ವರಗಳ ಹೆಸರನ್ನು ಮಾತ್ರ ಬರೆಯಿಸಿದ ಸಂಗೀತ ಶಾಲೆಯಂತಾಗಿದೆ ನಮ್ಮ ಕಲಿಕೆ.

ಯಂತ್ರಕ್ಕೆ ಕೋಟಿಗಟ್ಟಲೆ ಬೆಲೆ. ಅದರ ಕಾಂತವನ್ನು ದ್ರವ ಹೀಲಿಯಮಿನಲ್ಲಿ, ಎಂದರೆ ಸೊನ್ನೆಗಿಂತ 269 ಡಿಗ್ರಿ ಕೆಳಗೆ, ವರ್ಷವಿಡೀ ಮುಳುಗಿಸಿಡಬೇಕು. ಊರೂರ ಕಾಲೇಜಿಗೆ ಅದೆಲ್ಲ ಎಲ್ಲಿಂದ ಬರಬೇಕು ಎಂದು ಅಧ್ಯಾಪಕರು ಕೇಳುತ್ತಾರೆ. ಮಾತು ನಿಜ. ಆದರೆ ಇಲ್ಲಿ ನಮಗೆ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಬ್ಲಾಕ್ ಮತ್ತು ಪರ್ಸೆಲ್ ಅವರ ಶೋಧ ಪ್ರಕಟವಾದ ಐದೇ ವರ್ಷಗಳಲ್ಲಿ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಅನುರಣನವನ್ನು ಅಳೆದು ಪ್ರಬಂಧ ಬರೆದರು. ನಿಂತ ನೀರಿನ ನ್ಯೂಕ್ಲಿಯಸ್ಸುಗಳು ರೇಡಿಯೊ ಅಲೆಗೆ ಓಗೊಟ್ಟು ಓಗೊಟ್ಟು ದಣಿಯುತ್ತವೆ. ನೀರು ಹರಿದರೆ ದಣಿಯದ ಹೊಸ ನ್ಯೂಕ್ಲಿಯಸ್ಸುಗಳು ಬಂದು ದನಿ ಬಲಗೊಳ್ಳುತ್ತದೆ ಎಂದು ಅವರು ತೋರಿಸಿದರು. ಇಂದು ರಕ್ತದ ಹರಿವನ್ನು ಎಂ.ಆರ್.ಐ.ಯಿಂದ ಅಳೆಯುವ ವಿದ್ಯೆಯ ಇತಿಹಾಸ ಬರೆಯುವವರು ಆ ಪ್ರಬಂಧವನ್ನು ನೆನೆಯುತ್ತಾರೆ. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗಿದ್ದ ಬಡ ದೇಶದಲ್ಲಿ ಇದು ನಡೆಯಿತೆಂಬುದನ್ನು ಗಮನಿಸಬೇಕು.

ಹಾಗಾದರೆ ನಮ್ಮ ಸಲಹೆ ಇದು: ಈ ರಸ್ತೆಯ, ಈ ಜಿಲ್ಲೆಯ, ಈ ನಾಡಿನ ಪ್ರತಿಯೊಂದು ವಿಜ್ಞಾನ ಕಾಲೇಜಿನಲ್ಲಿಯೂ ವಿದ್ಯಾರ್ಥಿಯು ಅನುರಣನದ ಪಟ್ಟಿಯನ್ನು ಬಾಯಿಪಾಠ ಮಾಡುವ ಮುನ್ನ ಜಲಜನಕದ ದನಿಯನ್ನು ಒಮ್ಮೆ ತನ್ನ ಕಿವಿಯಿಂದ ಕೇಳಬೇಕು. ಇದಕ್ಕೆ ಕೋಟಿಯ ಯಂತ್ರ ಬೇಡ. ಭೂಮಿಯೇ ಒಂದು ಕಾಂತ. ಅದರ ಕ್ಷೇತ್ರ ದುರ್ಬಲವಾದರೂ ಬಹಳ ಸಮನಾದದ್ದು. ಭೂಮಿಯ ಕ್ಷೇತ್ರದಲ್ಲಿಯೇ ನೀರಿನ ನ್ಯೂಕ್ಲಿಯಸ್ಸುಗಳ ಓಲಾಟವನ್ನು ಕೇಳಬಹುದೆಂದು ಪ್ಯಾಕರ್ಡ್ ಮತ್ತು ವೇರಿಯನ್ ಎಂಬವರು 1954ರಲ್ಲಿಯೇ ತೋರಿಸಿದ್ದಾರೆ. ಭೂಗರ್ಭಶಾಸ್ತ್ರಜ್ಞರು ಅದಿರು ಹುಡುಕಲು ಹೊತ್ತೊಯ್ಯುವ ಪ್ರೋಟಾನ್ ಕಾಂತಮಾಪಕವು ಇದೇ ತತ್ತ್ವದ್ದು. ಕಲಬುರಗಿಯ ಸುತ್ತಮುತ್ತ ಈ ಓಲಾಟ ಸೆಕೆಂಡಿಗೆ ಸುಮಾರು 1,800 ಬಾರಿ. ಅದು ಮನುಷ್ಯನ ಕಿವಿಗೆ ಕೇಳುವ ದನಿ, ತೆಳ್ಳನೆಯ ಸಿಳ್ಳಿನಂಥದು.

ಬೇಕಾದುದು ಇಷ್ಟು: ಒಂದು ಸೀಸೆ ನೀರು, ಅದರ ಸುತ್ತ ನೂರಾರು ಸುತ್ತು ಸುತ್ತಿದ ಎನಾಮಲ್ ಬಳಿದ ತಾಮ್ರದ ತಂತಿ, ಒಂದು ಮೋಟಾರಿನ ಬ್ಯಾಟರಿ, ಥಟ್ಟನೆ ಕಡಿಯುವ ಸ್ವಿಚ್ಚು, ಕ್ಷೀಣ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರು, ಕಿವಿಗೆ ಹೆಡ್‌ಫೋನು. ಸುರುಳಿಯನ್ನು ಪೂರ್ವಪಶ್ಚಿಮವಾಗಿ ಮಲಗಿಸಿ, ಐದಾರು ಸೆಕೆಂಡು ಕೆಲವು ಆಂಪಿಯರ್ ವಿದ್ಯುತ್ತನ್ನು ಹರಿಸಬೇಕು. ನೀರಿನ ನ್ಯೂಕ್ಲಿಯಸ್ಸುಗಳು ಸುರುಳಿಯ ದಿಕ್ಕಿಗೆ ವಾಲಿಕೊಳ್ಳುತ್ತವೆ. ಒಡನೆ ವಿದ್ಯುತ್ತನ್ನು ಕಡಿದರೆ ಅವು ಭೂಮಿಯ ಕ್ಷೇತ್ರದ ಸುತ್ತ ಓಲಾಡತೊಡಗುತ್ತವೆ. ಅದೇ ಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಒಂದೆರಡು ಸೆಕೆಂಡು ಸಿಳ್ಳು ಕೇಳಿ ಅಳಿದುಹೋಗುತ್ತದೆ.

ತೊಡಕುಗಳಿವೆ, ಅವನ್ನು ಮುಚ್ಚಿಡುವುದಿಲ್ಲ. ಊರೊಳಗೆ ವಿದ್ಯುತ್ ತಂತಿಗಳ ಗುಂಯ್ ಎಂಬ ಸದ್ದು ಸಿಳ್ಳನ್ನು ನುಂಗಿಬಿಡುತ್ತದೆ. ಹತ್ತಿರದಲ್ಲಿ ಕಬ್ಬಿಣದ ಬೆಂಚೋ ಮೋಟಾರು ಸೈಕಲ್ಲೋ ಇದ್ದರೆ ಕ್ಷೇತ್ರ ಕದಡಿ ಸದ್ದು ಹುಟ್ಟುವ ಮುನ್ನವೇ ಸಾಯುತ್ತದೆ. ಕಲಬುರಗಿಯ ಕಡೆಯ ಕಪ್ಪುಕಲ್ಲಿನಲ್ಲಿ ಕಾಂತಗುಣದ ಕಬ್ಬಿಣದ ಖನಿಜ ಬೆರೆತಿರುವುದರಿಂದ ಬಂಡೆಯ ಮೇಲೆಯೇ ಸೀಸೆಯನ್ನಿಡುವುದು ಒಳ್ಳೆಯದಲ್ಲ. ಮೊದಲ ದಿನ ಏನೂ ಕೇಳಿಸದಿರಬಹುದು. ಮೊದಲ ವಾರವೂ ಕೇಳಿಸದಿರಬಹುದು. ಆದರೆ ಈ ತೊಡಕುಗಳೇ ಪಾಠವೆಂದು ನಾವು ತಿಳಿಯುತ್ತೇವೆ. ಸೀಸೆ ಸುರುಳಿಗಳನ್ನು ಹೊತ್ತು ಸೇಡಂ ಕಡೆಯ ಸುಣ್ಣದ ಕಲ್ಲಿನ ಸೀಮೆಗೆ ಹೋಗಿ, ತಂತಿಕಂಬಗಳಿಂದ ದೂರದ ತೊಗರಿಯ ಹೊಲದ ನಡುವೆ ಮರದ ಹಲಗೆಯ ಮೇಲೆ ಅದನ್ನಿಟ್ಟು ಕಾಯುವ ನಾಲ್ವರು ವಿದ್ಯಾರ್ಥಿಗಳು, ತಮ್ಮ ಊರಿನ ಬಂಡೆ, ಭೂಮಿಯ ಕಾಂತ, ನೀರಿನ ಅಣು ಇವು ಮೂರೂ ಒಂದೇ ಪ್ರಶ್ನೆಯ ಭಾಗಗಳೆಂದು ಅಂದು ಅರಿಯುತ್ತಾರೆ. ದೊಡ್ಡ ಪ್ರಯೋಗಾಲಯಗಳಿಗೆ ಸಾವಿರ ತಾಪತ್ರಯಗಳ ನಡುವೆ ಸಿಗುವ ವಿದ್ಯೆಯನ್ನು, ಹೊಲವೊಂದು ಇವರಿಗೆ ಪುಕ್ಕಟೆಯಾಗಿ ಕಲಿಸುತ್ತದೆ.

ಅಧ್ಯಾಪಕರ ಆಕ್ಷೇಪಣೆಯೊಂದು ಉಳಿಯುತ್ತದೆ. ಪಠ್ಯ ಮುಗಿಸುವುದೇ ದುಸ್ತರವಾಗಿರುವಾಗ ಇದಕ್ಕೆ ಕಾಲವೆಲ್ಲಿ? ನೆರೆಯ ಕಾಲೇಜಿನ ಮಕ್ಕಳು ಪಟ್ಟಿಯನ್ನು ಬಾಯಿಪಾಠ ಮಾಡಿ ಅಂಕ ತೆಗೆಯುವಾಗ ನಮ್ಮ ಮಕ್ಕಳನ್ನು ಹೊಲಕ್ಕೆ ಕಳಿಸುವುದು ಅನ್ಯಾಯವಲ್ಲವೆ? ಈ ಮಾತಿಗೆ ನಾವು ಸುಲಭದ ಉತ್ತರ ಕೊಡಲಾರೆವು. ಅಂಕದಿಂದ ಕೆಲಸ, ಕೆಲಸದಿಂದ ಅನ್ನ ಎಂಬ ಲೆಕ್ಕವನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ಆದರೆ ಎರಡು ವರ್ಷಗಳ ಪಾಠದಲ್ಲಿ ಎರಡು ದಿನವನ್ನು ಕೇಳುತ್ತಿದ್ದೇವೆ. ಜೊತೆಗೆ, 1980ರಿಂದ ಇದೇ ರಸ್ತೆಯಲ್ಲಿರುವ ಗುಲಬರ್ಗಾ ವಿಶ್ವವಿದ್ಯಾನಿಲಯದಂತಹ ಸಂಸ್ಥೆಗಳು ಇಂತಹ ಒಂದು ಪ್ರಯೋಗಕ್ಕೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಹತ್ತು ಅಂಕಗಳನ್ನು ಮೀಸಲಿಟ್ಟರೆ ಆ ಹುಡುಗಿಯ ಪ್ರಶ್ನೆಗೆ ಗೌರವದ ಉತ್ತರ ದೊರೆಯುತ್ತದೆ: ಹೌದು, ಇದು ಪರೀಕ್ಷೆಗೆ ಬರುತ್ತದೆ, ಆದರೆ ಬಾಯಿಪಾಠಕ್ಕಲ್ಲ, ಕೈಗೂ ಕಿವಿಗೂ ಬರುತ್ತದೆ.

ಈ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಮಳಖೇಡ ಸಿಗುತ್ತದೆ. ಸಾವಿರದ ನೂರು ವರ್ಷಗಳ ಹಿಂದೆ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದು ಆ ದೊರೆಯನ್ನು ಕೊಂಡಾಡಿದ್ದಾನೆ. ಭಿನ್ನರಾಶಿಗಳನ್ನು ಕೂಡುವ ಹೊಸ ಹಾದಿಗಳನ್ನು ಹುಡುಕುತ್ತ ಕುಳಿತಿದ್ದ ಆ ಗಣಿತಜ್ಞನನ್ನೂ ಯಾರಾದರೂ ಉಪಯೋಗವೇನೆಂದು ಕೇಳಿರಬಹುದು. ದೊರೆಯ ಆಸ್ಥಾನ ಇಂದಿಲ್ಲ, ಕೋಟೆ ಪಾಳುಬಿದ್ದಿದೆ, ಗಣಿತ ಉಳಿದಿದೆ.

ವಿಜ್ಞಾನ ಕ್ಯೋಟೊದ್ದು, ಸೌತಾಂಪ್ಟನ್ನಿನದು, ಹೆಚ್ಚೆಂದರೆ ಬೆಂಗಳೂರಿನದು; ನಮ್ಮದೇನಿದ್ದರೂ ಅದನ್ನು ಓದಿ ಬರೆಯುವುದು ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಬೇರೂರಿದೆ. ನಮಗೆ ಕಳವಳವಾಗಿರುವುದು ಈ ಭಾವನೆಯಿಂದಲೇ. ಇಂಗಾಲದ ಪಂಜರದೊಳಗೆ ಗಿರಕಿ ಹೊಡೆಯುವ ಜಲಜನಕದ ನ್ಯೂಕ್ಲಿಯಸ್ಸಿಗೂ ಕಾಗಿಣಾ ನದಿಯ ಒಂದು ಸೀಸೆ ನೀರಿನ ನ್ಯೂಕ್ಲಿಯಸ್ಸಿಗೂ ಎಳ್ಳಷ್ಟೂ ಭೇದವಿಲ್ಲ. ಅದನ್ನು ಕೇಳಲು ಮೊದಲು ಬೇಕಾದುದು ಕೇಳಬೇಕೆಂಬ ಮನಸ್ಸು. ಬರುವ ಮಾಗಿಯಲ್ಲಿ ತೊಗರಿಯ ಕಾಯಿಯನ್ನು ಕಿವಿಯ ಬಳಿ ಅಲುಗಿಸುವ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ನೀರಿನ ಸೀಸೆಯ ಬಳಿಗೂ ಕಿವಿ ತಂದಾರೆಂದು ನಾವು ನಂಬಿದ್ದೇವೆ.